ಒಂದು ವಸ್ತು, ಎರಡು ನಾಮಪದ: ಕ್ರೊಯೇಷಿಯನ್ ವ್ಯಾಕರಣದಲ್ಲಿ ಸಮಾನಾಧಿಕರಣ

ಎರಡು ನಾಮಪದಗಳು ಒಂದರ ಪಕ್ಕದಲ್ಲೊಂದು ಬಂದು ನಿಂತಾಗ ಅವುಗಳ ಪರಸ್ಪರ ಸಂಬಂಧವೇನೆಂಬುದನ್ನು ಕೇಳುವವನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕಾಗುತ್ತದೆ. ‘ಕಾವೇರಿ ನದಿ’ ಎಂದಾಗ ಕಾವೇರಿಯೇ ನದಿ, ನದಿಯೇ ಕಾವೇರಿ. ಅಲ್ಲಿರುವುದು ಒಂದೇ ವಸ್ತು. ‘ಕಾವೇರಿ ನೀರು’ ಎಂದಾಗ ವಸ್ತುಗಳು ಎರಡು. ನೀರು ಕಾವೇರಿಗೆ ಸೇರಿದ್ದು. ‘ಕಾವೇರಿ ಭವನ’ ಎಂದಾಗ ನದಿಯ ಪ್ರಸಕ್ತಿಯೇ ಇಲ್ಲ. ಕಾವೇರಿ ಎಂಬುದು ಕಟ್ಟಡಕ್ಕೆ ಇಟ್ಟ ಹೆಸರು ಮಾತ್ರ. ಮೂರು ಸಂಬಂಧಗಳೂ ಬೇರೆ ಬೇರೆ. ಆದರೆ ಪದಗಳ ರೂಪದಲ್ಲಿ ಆ ಭೇದ ಸ್ವಲ್ಪವೂ ತೋರುವುದಿಲ್ಲ. ನಾವು ತಪ್ಪದೆ ಅರ್ಥಮಾಡಿಕೊಳ್ಳುವುದು ಲೋಕಾನುಭವದ ಬಲದಿಂದ.

ಲೋಕಾನುಭವವು ಎಲ್ಲ ಕಡೆಯೂ ನೆರವಿಗೆ ಬರಲಾರದು. ಅಪರಿಚಿತವಾದ ಊರು, ಅಪರಿಚಿತವಾದ ಜನ, ಅಪರಿಚಿತವಾದ ಸಂಸ್ಥೆಗಳ ಹೆಸರುಗಳನ್ನು ಕೇಳಿದಾಗ, ಇಲ್ಲಿರುವುದು ಒಂದು ವಸ್ತುವೋ ಎರಡೋ ಎಂಬ ಸಂದೇಹ ಸಹಜವಾಗಿ ಹುಟ್ಟುತ್ತದೆ. ಇಂಥ ಸಂದೇಹವನ್ನು ಬಹುಮಟ್ಟಿಗೆ ಪದಗಳ ರೂಪದಿಂದಲೇ ಪರಿಹರಿಸುವ ಭಾಷೆಗಳುಂಟು. ಅವುಗಳಲ್ಲೊಂದು ಯುರೋಪಿನ ಕ್ರೊಯೇಷಿಯನ್ ಭಾಷೆ. ಅದರ ವ್ಯವಸ್ಥೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಭಾಷೆಯ ಪರಿಚಯ

ಕ್ರೊಯೇಷಿಯ ದೇಶವು ಆಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿದೆ. ಅದರ ರಾಜಧಾನಿ ಜಾಗ್ರೆಬ್. ಅಲ್ಲಿಯ ಭಾಷೆ ಸ್ಲಾವಿಕ್ ಶಾಖೆಗೆ ಸೇರಿದ್ದು. ಆದುದರಿಂದ ಸಂಸ್ಕೃತಕ್ಕೆ ದೂರದ ದಾಯಾದಿ. ಸೋದರನಿಗೆ ಅಲ್ಲಿ ‘ಬ್ರಾತ್’ ಎನ್ನುತ್ತಾರೆ. ಸಂಸ್ಕೃತದ ‘ಭ್ರಾತೃ’ ಶಬ್ದವನ್ನು ಬಲ್ಲ ನಮಗೆ ಈ ನಂಟು ಕೂಡಲೆ ಗೊತ್ತಾಗುತ್ತದೆ. ಈ ಭಾಷೆಗೆ ಮೊದಲ ಅಚ್ಚಾದ ವ್ಯಾಕರಣವನ್ನು ಬಾರ್ತೊಲ್ ಕಾಶಿಚ್ ಎಂಬ ಪಾದ್ರಿಯು ಲ್ಯಾಟಿನ್ ಭಾಷೆಯಲ್ಲಿ ಬರೆದು 1604ರಲ್ಲಿ ರೋಮಿನಲ್ಲಿ ಪ್ರಕಟಿಸಿದನು. 2013ರಲ್ಲಿ ಕ್ರೊಯೇಷಿಯವು ಯುರೋಪಿಯನ್ ಒಕ್ಕೂಟವನ್ನು ಸೇರಿದಾಗ ಇದು ಆ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಇಪ್ಪತ್ತನಾಲ್ಕನೆಯದಾಯಿತು.

ಸಂಸ್ಕೃತದಲ್ಲಿ ಸಂಬೋಧನೆಯೂ ಸೇರಿ ಎಂಟು ವಿಭಕ್ತಿಗಳು. ಕ್ರೊಯೇಷಿಯನ್ ಭಾಷೆಯಲ್ಲಿ ಏಳು. ಪಂಚಮೀ ವಿಭಕ್ತಿಯು ಕಾಲಕ್ರಮದಲ್ಲಿ ಷಷ್ಠಿಯೊಡನೆ ಬೆರೆತುಹೋಗಿದೆ. ಉಳಿದವು ಇಂದಿಗೂ ದಿನಬಳಕೆಯ ಮಾತಿನಲ್ಲಿ ಜೀವಂತವಾಗಿವೆ. ಆದುದರಿಂದ ಮುಂದಿನ ವಿವೇಚನೆಗೆ ನಮ್ಮ ಹಳೆಯ ವಿಭಕ್ತಿ ಸಂಜ್ಞೆಗಳೇ ಸಾಕು.

ಒಂದೇ ವಸ್ತು, ಒಂದೇ ವಿಭಕ್ತಿ

ಕ್ರೊಯೇಷಿಯನ್ ಭಾಷೆಯಲ್ಲಿ ‘ಗ್ರಾದ್’ ಎಂದರೆ ನಗರ. ‘ಜಾಗ್ರೆಬ್ ನಗರ’ ಎಂಬುದಕ್ಕೆ ‘ಗ್ರಾದ್ ಜಾಗ್ರೆಬ್’ ಎನ್ನುತ್ತಾರೆ. ಸಾಮಾನ್ಯನಾಮ ಮೊದಲು, ಅಂಕಿತನಾಮ ಅನಂತರ; ಕನ್ನಡದ ಕ್ರಮಕ್ಕೆ ಇದು ವಿರುದ್ಧ. ಇದಕ್ಕೆ ವಿಭಕ್ತಿಗಳನ್ನು ಹಚ್ಚಿ ನೋಡೋಣ.

ಪ್ರಥಮಾ: ಗ್ರಾದ್ ಜಾಗ್ರೆಬ್
ದ್ವಿತೀಯಾ: ಗ್ರಾದ್ ಜಾಗ್ರೆಬ್
ತೃತೀಯಾ: ಗ್ರಾದೊಮ್ ಜಾಗ್ರೆಬೊಮ್
ಚತುರ್ಥೀ: ಗ್ರಾದು ಜಾಗ್ರೆಬು
ಷಷ್ಠೀ: ಗ್ರಾದ ಜಾಗ್ರೆಬ
ಸಪ್ತಮೀ: ಉ ಗ್ರಾದು ಜಾಗ್ರೆಬು
ಸಂಬೋಧನೆ: ಗ್ರಾದೆ ಜಾಗ್ರೆಬೆ

(ಸಪ್ತಮಿಯಲ್ಲಿ ಮೊದಲು ಬಂದಿರುವ ‘ಉ’ ಎಂಬುದು ‘ಒಳಗೆ’ ಎಂಬರ್ಥದ ಅವ್ಯಯ.)

ಕನ್ನಡದಲ್ಲಿ ‘ಮೈಸೂರು ನಗರದಲ್ಲಿ’ ಎನ್ನುವಾಗ ಪ್ರತ್ಯಯ ಒಂದೇ. ಅದು ಕೊನೆಯ ಪದಕ್ಕೆ ಮಾತ್ರ ಹತ್ತುತ್ತದೆ. ಎರಡು ಪದಗಳನ್ನು ಒಂದು ಗಂಟಾಗಿ ಕಟ್ಟಿ, ಗಂಟಿನ ತುದಿಗೆ ಮುದ್ರೆಯೊತ್ತಿದ ಹಾಗೆ. ಕ್ರೊಯೇಷಿಯನ್ ಭಾಷೆಯು ಪ್ರತಿಯೊಂದು ಪದಕ್ಕೂ ಬೇರೆ ಬೇರೆಯಾಗಿ ಮುದ್ರೆಯೊತ್ತುತ್ತದೆ. ಸಂಸ್ಕೃತದ ಪದ್ಧತಿಯೂ ಇದೇ: ದಶರಥ ರಾಜನಿಗೆ ಎನ್ನಬೇಕಾದರೆ ‘ರಾಜ್ಞೇ ದಶರಥಾಯ’ ಎಂದು ಎರಡು ಕಡೆಯೂ ಚತುರ್ಥಿ ಬರಬೇಕು.

ನಮ್ಮ ಶಾಸ್ತ್ರಕಾರರು ಈ ಸಂಬಂಧಕ್ಕೆ ‘ಸಾಮಾನಾಧಿಕರಣ್ಯ’ ಎಂದು ಹೆಸರಿಟ್ಟರು. ಅಧಿಕರಣವೆಂದರೆ ಆಶ್ರಯ, ಎರಡು ಪದಗಳಿಗೂ ಆಶ್ರಯವಾದ ವಸ್ತು ಒಂದೇ ಎಂಬುದು ಇದರ ತಾತ್ಪರ್ಯ. ಕ್ರೊಯೇಷಿಯನ್ ವ್ಯಾಕರಣದಲ್ಲಿ ಇಂಥ ಪದಕ್ಕೆ ‘ಅಪೊಜಿತ್ಸಿಯ’ ಎನ್ನುತ್ತಾರೆ. ಇದು ಲ್ಯಾಟಿನ್ನಿನಿಂದ ಬಂದುದು. ‘ಪಕ್ಕದಲ್ಲಿ ಇಟ್ಟದ್ದು’ ಎಂದು ಅರ್ಥ. ಯುರೋಪಿನ ಸಂಜ್ಞೆಯು ಪದಗಳಿರುವ ಸ್ಥಾನವನ್ನು ಹೇಳುತ್ತದೆ. ನಮ್ಮ ಸಂಜ್ಞೆಯು ಹಾಗಿರುವುದರ ಕಾರಣವನ್ನು ಹೇಳುತ್ತದೆ.

ಲಿಂಗ ಮತ್ತು ವಚನ

ವಿಭಕ್ತಿಯಂತೆ ಲಿಂಗವೂ ವಚನವೂ ಸಮನಾಗಿರಬೇಕೆ? ಕ್ರೊಯೇಷಿಯನ್ ಭಾಷೆಯ ವಿಶೇಷಣಗಳಲ್ಲಿ ಮೂರೂ ಸಮನಾಗಿರಬೇಕು. ಸಮಾನಾಧಿಕರಣದ ನಾಮಪದಗಳಿಗಾದರೋ ಹಾಗಿಲ್ಲ.

‘ರಿಯೆಕ’ ಎಂದರೆ ನದಿ, ಸ್ತ್ರೀಲಿಂಗ. ಜಾಗ್ರೆಬಿನ ಬಳಿ ಹರಿಯುವ ಸಾವ ನದಿಯ ಹೆಸರೂ ಸ್ತ್ರೀಲಿಂಗವೇ. ಆದುದರಿಂದ ‘ಸಾವ ನದಿಯ ಮೇಲೆ’ ಎಂಬುದಕ್ಕೆ ‘ನ ರಿಯೆತ್ಸಿ ಸಾವಿ’ ಎನ್ನುತ್ತಾರೆ. (ಸಪ್ತಮಿಯಲ್ಲಿ ಕಕಾರವು ‘ತ್ಸ’ ಆಗುವುದು ಆ ಭಾಷೆಯ ಸಂಧಿನಿಯಮ.) ಇಲ್ಲಿ ತೊಡಕಿಲ್ಲ. ಆದರೆ ನಮ್ಮ ಗಂಗೆಯನ್ನು ಅವರು ‘ಗಾಂಗೆಸ್’ ಎನ್ನುತ್ತಾರೆ. ವ್ಯಂಜನಾಂತವಾದ್ದರಿಂದ ಅದು ಅಲ್ಲಿ ಪುಲ್ಲಿಂಗ. ಹೀಗಾಗಿ ‘ನ ರಿಯೆತ್ಸಿ ಗಾಂಗೆಸು’ ಎಂದಾಗ ಸ್ತ್ರೀಲಿಂಗದ ಪಕ್ಕದಲ್ಲಿ ಪುಲ್ಲಿಂಗ ಕುಳಿತಿದೆ. ಪ್ರತ್ಯಯಗಳ ರೂಪವೂ ಬೇರೆ ಬೇರೆ. ಸಮನಾಗಿರುವುದು ವಿಭಕ್ತಿಯೊಂದೇ. ವಿಜ್ಞಾನಿ ನಿಕೊಲ ಟೆಸ್ಲ 1856ರಲ್ಲಿ ಹುಟ್ಟಿದ್ದು ‘ಉ ಸೆಲು ಸ್ಮಿಲ್ಯಾನು’, ಅಂದರೆ ಸ್ಮಿಲ್ಯಾನ್ ಹಳ್ಳಿಯಲ್ಲಿ. ‘ಸೆಲೊ’ ಎಂಬ ಹಳ್ಳಿ ನಪುಂಸಕಲಿಂಗ, ಸ್ಮಿಲ್ಯಾನ್ ಪುಲ್ಲಿಂಗ. ದೇಶದ ಪೂರ್ವಭಾಗದಲ್ಲಿರುವ ವಿಂಕೊವ್ತ್ಸಿ ಎಂಬ ಊರಿನ ಹೆಸರು ಬಹುವಚನ. ಆ ನಗರದಲ್ಲಿ ಎನ್ನುವುದಕ್ಕೆ ‘ಉ ಗ್ರಾದು ವಿಂಕೊವ್ತ್ಸಿಮ’. ಇಲ್ಲಿ ಏಕವಚನದ ಪಕ್ಕದಲ್ಲಿ ಬಹುವಚನ.

ಸಂಸ್ಕೃತವನ್ನು ಓದಿದವರಿಗೆ ‘ವೇದಾಃ ಪ್ರಮಾಣಮ್’ ಎಂಬ ಪ್ರಸಿದ್ಧ ಉದಾಹರಣೆ ನೆನಪಾಗದಿರದು. ಒಂದು ಪದ ಪುಲ್ಲಿಂಗ ಬಹುವಚನ, ಇನ್ನೊಂದು ನಪುಂಸಕಲಿಂಗ ಏಕವಚನ. ಆದರೂ ವಿಭಕ್ತಿ ಒಂದೇ.

ಇದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಲಿಂಗವು ನಾಮಪದದ ಹುಟ್ಟುಗುಣ. ಅದು ಪಕ್ಕದ ಪದವನ್ನು ನೋಡಿ ಬದಲಾಗದು. ಊರಿನ ಹೆಸರಿನ ಬಹುವಚನವೂ ಹಾಗೆಯೇ ಹೆಸರಿನೊಳಗೆ ಸೇರಿಹೋದದ್ದು. ವಿಭಕ್ತಿಯು ಹುಟ್ಟುಗುಣವಲ್ಲ, ವಾಕ್ಯದಲ್ಲಿ ಆ ವಸ್ತುವಿಗೆ ದೊರೆತ ಪಾತ್ರವನ್ನು ಅದು ಸೂಚಿಸುತ್ತದೆ. ವಸ್ತು ಒಂದೇ ಆದರೆ ಪಾತ್ರವೂ ಒಂದೇ. ಪಾತ್ರ ಒಂದಾದರೆ ಅದರ ಎರಡು ಹೆಸರುಗಳಿಗೂ ಒಂದೇ ವಿಭಕ್ತಿ. ಸಮಾನಾಧಿಕರಣದ ನಿಯಮವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ವೈದ್ಯನೋ, ವೈದ್ಯನ ಸೋದರನೋ?

ಈ ನಿಯಮವು ಬರಿಯ ಅಲಂಕಾರವಲ್ಲ. ಒಂದು ಪತ್ರವನ್ನು ಯಾರ ಕೈಗೆ ಕೊಡಬೇಕೆಂಬುದು ಇದನ್ನೇ ಅವಲಂಬಿಸಬಹುದು. ‘ಲಿಯೆಚ್ನಿಕ್’ ಎಂದರೆ ವೈದ್ಯ. ಈಗ ಈ ಎರಡು ರೂಪಗಳನ್ನು ನೋಡಿ:

ಬ್ರಾತು ಲಿಯೆಚ್ನಿಕು: ವೈದ್ಯನಾಗಿರುವ ಸೋದರನಿಗೆ
ಬ್ರಾತು ಲಿಯೆಚ್ನಿಕ: ವೈದ್ಯನ ಸೋದರನಿಗೆ

ಮೊದಲನೆಯದರಲ್ಲಿ ಎರಡೂ ಚತುರ್ಥಿ. ಆದುದರಿಂದ ವ್ಯಕ್ತಿ ಒಬ್ಬನೇ. ಎರಡನೆಯದರಲ್ಲಿ ಮೊದಲ ಪದ ಚತುರ್ಥಿ, ಎರಡನೆಯದು ಷಷ್ಠಿ. ಆದುದರಿಂದ ವ್ಯಕ್ತಿಗಳು ಇಬ್ಬರು, ಪತ್ರ ಸೇರಬೇಕಾದುದು ವೈದ್ಯನಲ್ಲದ ಇನ್ನೊಬ್ಬನಿಗೆ. ಕೊನೆಯ ಒಂದು ಸ್ವರದ ವ್ಯತ್ಯಾಸದಿಂದ ಪತ್ರವು ಬೇರೊಬ್ಬನ ಪಾಲಾಗುತ್ತದೆ!

ಆದರೆ ಯಾವ ಯಂತ್ರದಲ್ಲಿಯೂ ಒಂದು ದುರ್ಬಲವಾದ ಕೀಲು ಇರುವಂತೆ ಈ ವ್ಯವಸ್ಥೆಯಲ್ಲಿಯೂ ಉಂಟು. ಪ್ರಾಣಿವಾಚಕವಾದ ಪುಲ್ಲಿಂಗದ ನಾಮಪದಗಳಿಗೆ ಏಕವಚನದಲ್ಲಿ ದ್ವಿತೀಯೆಯ ರೂಪವೂ ಷಷ್ಠಿಯ ರೂಪವೂ ಒಂದೇ. ಆದುದರಿಂದ ‘ನೋಡಿದೆನು’ ಎಂಬ ಕ್ರಿಯೆಯೊಡನೆ ‘ಬ್ರಾತ ಲಿಯೆಚ್ನಿಕ’ ಎಂದರೆ, ಕೇಳಿದವನು ‘ವೈದ್ಯನಾಗಿರುವ ಸೋದರನನ್ನು’ ಎಂದೂ ತಿಳಿಯಬಹುದು, ‘ವೈದ್ಯನ ಸೋದರನನ್ನು’ ಎಂದೂ ತಿಳಿಯಬಹುದು. ಮೊದಲ ಪದವೇ ಷಷ್ಠಿಯಲ್ಲಿರಬೇಕಾದ ಕಡೆಯಲ್ಲಿಯೂ ಇದೇ ತೊಡಕು: ‘ಸೋದರ ವೈದ್ಯನ ಮನೆ’ಯೂ ‘ವೈದ್ಯನ ಸೋದರನ ಮನೆ’ಯೂ ಒಂದೇ ರೂಪವನ್ನು ತಾಳುತ್ತವೆ.

ಇದಕ್ಕೆ ಭಾಷೆಯೇ ಪರಿಹಾರವನ್ನೂ ಒದಗಿಸಿಕೊಂಡಿದೆ. ಒಡೆಯನನ್ನು ಒಂದೇ ಪದದಿಂದ ಸೂಚಿಸುವಾಗ ಷಷ್ಠಿಗೆ ಬದಲಾಗಿ ಒಡೆತನದ ವಿಶೇಷಣವನ್ನು ಬಳಸುವುದು ಶಿಷ್ಟಪದ್ಧತಿ. ‘ವೈದ್ಯನ ಸೋದರ’ನಿಗೆ ‘ಲಿಯೆಚ್ನಿಕೊವ್ ಬ್ರಾತ್’ ಎಂದರೆ ಸಂದೇಹಕ್ಕೆ ಎಡೆಯಿಲ್ಲ. ದ್ವಿತೀಯೆಯಲ್ಲಿ ಅದು ‘ಲಿಯೆಚ್ನಿಕೊವ ಬ್ರಾತ’ ಆಗುತ್ತದೆ. ಬೆಂಗಳೂರಿನಲ್ಲಿ ಬಹುಕಾಲ ನೆಲಸಿದ್ದ ನಮ್ಮ ರಾಮನ್ ಅವರ ಪರಿಣಾಮವನ್ನು ಅವರು ‘ರಾಮನೊವ್ ಎಫೆಕ್ಟ್’ ಎಂದು ಕರೆಯುವುದೂ ಈ ಪದ್ಧತಿಯಿಂದಲೇ. ಅದೇ ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತೆಂದು ಹೇಳುವಾಗ ‘ಫಿಜಿಚಾರು ರಾಮನು’ ಎಂದು ಎರಡು ಪದಗಳಿಗೂ ಚತುರ್ಥಿಯನ್ನು ಹಚ್ಚಬೇಕು. ‘ಫಿಜಿಚಾರ್’ ಎಂದರೆ ಭೌತವಿಜ್ಞಾನಿ. ಪರದೇಶದ ಹೆಸರೆಂದು ವಿನಾಯಿತಿಯಿಲ್ಲ.

ಹೆಸರಿನ ಹಲಗೆ

ಇನ್ನುಳಿದುದು ಮೂರನೆಯ ಸಂಬಂಧ, ‘ಕಾವೇರಿ ಭವನ’ದ ಜಾತಿಯದು.

ರುಜೆರ್ ಬೊಶ್ಕೊವಿಚ್ 1711ರಲ್ಲಿ ದುಬ್ರೊವ್ನಿಕ್ ನಗರದಲ್ಲಿ ಜನಿಸಿದ ಭೌತವಿಜ್ಞಾನಿ. ದ್ರವ್ಯವೆಲ್ಲವೂ ವಿಸ್ತಾರವಿಲ್ಲದ ಬಿಂದುಗಳಿಂದ ಆದುದೆಂದೂ, ಆ ಬಿಂದುಗಳ ನಡುವಣ ಬಲವು ದೂರಕ್ಕೆ ತಕ್ಕಂತೆ ಆಕರ್ಷಣವಾಗಿಯೂ ವಿಕರ್ಷಣವಾಗಿಯೂ ಬದಲಾಗುವುದೆಂದೂ ಆತನು 1758ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಆತನ ಹೆಸರಿನಲ್ಲಿ ಜಾಗ್ರೆಬಿನಲ್ಲಿ 1950ರಲ್ಲಿ ಒಂದು ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು: ‘ಇನ್‌ಸ್ಟಿಟೂಟ್ ರುಜೆರ್ ಬೊಶ್ಕೊವಿಚ್’.

ಭೌತವಿಜ್ಞಾನಿ ಬೊಶ್ಕೊವಿಚನ ಗ್ರಂಥ ಎನ್ನುವಾಗ ‘ಫಿಜಿಚಾರ ರುಜೆರ ಬೊಶ್ಕೊವಿಚ’ ಎಂದು ಮೂರು ಪದಗಳೂ ಷಷ್ಠಿಗೆ ಬಾಗುತ್ತವೆ. ಭೌತವಿಜ್ಞಾನಿಯೂ ಬೊಶ್ಕೊವಿಚನೂ ಒಬ್ಬನೇ ಆದುದರಿಂದ ಇದು ನ್ಯಾಯವೇ. ಆದರೆ ಆ ಸಂಸ್ಥೆಯಲ್ಲಿ ಎನ್ನುವಾಗ ‘ಉ ಇನ್‌ಸ್ಟಿಟೂಟು ರುಜೆರ್ ಬೊಶ್ಕೊವಿಚ್’ ಎಂದೇ ಹೇಳಬೇಕು. ಸಂಸ್ಥೆಯೆಂಬ ಪದ ಮಾತ್ರ ಸಪ್ತಮಿಗೆ ಬಾಗಿತು. ಹೆಸರು ಪ್ರಥಮೆಯಲ್ಲಿಯೇ ನೆಟ್ಟಗೆ ನಿಂತಿತು. ಏಕೆಂದರೆ ಸಂಸ್ಥೆಯು ಬೊಶ್ಕೊವಿಚನಲ್ಲ. ಬೊಶ್ಕೊವಿಚನಿಗೆ ಸೇರಿದ್ದೂ ಅಲ್ಲ. ಬಾಗಿಲ ಮೇಲಿನ ಹಲಗೆಯಲ್ಲಿ ಬರೆದಿರುವುದನ್ನು ಹಾಗೆಯೇ ಓದಿದಂತೆ ಹೆಸರು ವಾಕ್ಯದೊಳಕ್ಕೆ ಬರುತ್ತದೆ. ಕನ್ನಡದಲ್ಲಿ ‘ಎಂಬ’ ಎಂಬ ಪದದಿಂದ, ಸಂಸ್ಕೃತದಲ್ಲಿ ‘ಇತಿ’ ಎಂಬ ಅವ್ಯಯದಿಂದ ನಾವು ಮಾಡುವ ಕೆಲಸವನ್ನು ಕ್ರೊಯೇಷಿಯನ್ ಭಾಷೆಯು ಬಾಗದ ಪ್ರಥಮೆಯಿಂದ ಸಾಧಿಸುತ್ತದೆ.

ಪುಸ್ತಕ, ಪತ್ರಿಕೆ, ಹಡಗುಗಳ ಹೆಸರುಗಳಿಗೂ ಇದೇ ರೀತಿ. ಜಾಗ್ರೆಬಿನಲ್ಲಿ 1911ರಲ್ಲಿ ಆರಂಭವಾದ ಒಂದು ಜನಪ್ರಿಯ ವಿಜ್ಞಾನ ಪತ್ರಿಕೆಯ ಹೆಸರು ‘ಪ್ರಿರೊದ’, ಎಂದರೆ ಪ್ರಕೃತಿ. ‘ಪ್ರಿರೊದ ಪತ್ರಿಕೆಯಲ್ಲಿ’ ಎನ್ನಲು ‘ಉ ಚಾಸೊಪಿಸು ಪ್ರಿರೊದ’ ಎನ್ನುತ್ತಾರೆ. ಪತ್ರಿಕೆಯೆಂಬ ಪದಕ್ಕೆ ಸಪ್ತಮಿ, ಹೆಸರಿಗೆ ಪ್ರಥಮೆ. ಪತ್ರಿಕೆಯೆಂಬ ಪದವನ್ನು ಬಿಟ್ಟರೆ ಸಪ್ತಮಿಯ ಭಾರವನ್ನು ಹೆಸರೇ ಹೊರಬೇಕಾಗುತ್ತದೆ: ‘ಉ ಪ್ರಿರೊದಿ’. ಆಗ ಒಂದು ತೊಡಕು. ‘ಪ್ರಕೃತಿಯಲ್ಲಿ’ ಎಂಬುದೂ ‘ಉ ಪ್ರಿರೊದಿ’ಯೇ! ಬರಹದಲ್ಲಿ ಹೆಸರಿಗೆ ದೊಡ್ಡಕ್ಷರ ಹಾಕಿ ಭೇದವನ್ನು ತೋರಿಸಬಹುದು. ಕಿವಿಗೆ ಆ ಸೌಕರ್ಯವಿಲ್ಲ. ಒಂದು ಸಂಗತಿಯನ್ನು ಪ್ರಕೃತಿಯಲ್ಲಿ ಕಂಡರೋ ಪತ್ರಿಕೆಯಲ್ಲಿ ಕಂಡರೋ ಎಂಬುದು ವಿಜ್ಞಾನದಲ್ಲಿ ಸಣ್ಣ ಪ್ರಶ್ನೆಯಲ್ಲವಷ್ಟೆ! ಪಕ್ಕದಲ್ಲಿಟ್ಟ ಒಂದು ಸಾಮಾನ್ಯನಾಮವು ಈ ಸಂದೇಹವನ್ನು ನಿವಾರಿಸುತ್ತದೆ.

ಷಷ್ಠಿಗೂ ಹೆಸರಿನ ಹಲಗೆಗೂ ಇರುವ ಅಂತರವನ್ನು ಎರಡು ವಸ್ತುಸಂಗ್ರಹಾಲಯಗಳ ಹೆಸರುಗಳಲ್ಲಿ ಕಾಣಬಹುದು. ಜಾಗ್ರೆಬಿನ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ 2015ರಲ್ಲಿ ಟೆಸ್ಲನ ಹೆಸರನ್ನು ಸೇರಿಸಿದರು. ಅದು ‘ತೆಹ್ನಿಚ್ಕಿ ಮುಜೆಯ್ ನಿಕೊಲ ಟೆಸ್ಲ’, ಹೆಸರು ಪ್ರಥಮೆಯಲ್ಲಿದೆ. ಬೆಲ್‌ಗ್ರೇಡಿನಲ್ಲಿ 1952ರಲ್ಲಿ ಸ್ಥಾಪಿತವಾದುದು ‘ಮುಜೆಯ್ ನಿಕೊಲೆ ಟೆಸ್ಲೆ’, ಇದು ಷಷ್ಠಿ. ಬೆಲ್‌ಗ್ರೇಡಿನ ಭಾಷೆ ಸರ್ಬಿಯನ್ ಆದರೂ ಈ ಪ್ರತ್ಯಯಗಳಲ್ಲಿ ಎರಡು ಭಾಷೆಗಳಿಗೂ ಭೇದವಿಲ್ಲ. ಮೊದಲನೆಯದು ನಾನಾ ಬಗೆಯ ಯಂತ್ರಗಳ ಸಂಗ್ರಹ. ಟೆಸ್ಲನ ಹೆಸರು ಅದಕ್ಕೊಂದು ಗೌರವಚಿಹ್ನೆ. ಎರಡನೆಯದರಲ್ಲಿ ಟೆಸ್ಲನ ಕಾಗದಪತ್ರಗಳು, ಆತನು ಬಳಸಿದ ವಸ್ತುಗಳು, ಆತನ ಚಿತಾಭಸ್ಮ ಕೂಡ ಇವೆ. ಅದಕ್ಕೆ ಷಷ್ಠಿಯು ಒಪ್ಪುವುದರಲ್ಲಿ ಆಶ್ಚರ್ಯವೇನು?

ಬಾಗಲಾರದ ಹೆಸರುಗಳು

ಹೆಸರು ಬಾಗದೆ ನಿಂತಲ್ಲೆಲ್ಲ ಅದು ಹಲಗೆಯ ಹೆಸರೆಂದು ತೀರ್ಮಾನಿಸಬಾರದು. ಹೊರ್ವಾತ್ ಎಂಬುದು ಕ್ರೊಯೇಷಿಯದಲ್ಲಿ ಬಹಳ ಬಳಕೆಯಲ್ಲಿರುವ ಮನೆತನದ ಹೆಸರು. ಪ್ರಾಧ್ಯಾಪಕ ಹೊರ್ವಾತರೊಡನೆ ಎನ್ನುವಾಗ ‘ಸ್ ಪ್ರೊಫೆಸೊರೊಮ್ ಹೊರ್ವಾತೊಮ್’, ಎರಡಕ್ಕೂ ತೃತೀಯೆ. ಅದೇ ಪ್ರಾಧ್ಯಾಪಕಿಯಾದರೆ ‘ಸ್ ಪ್ರೊಫೆಸೊರಿತ್ಸೊಮ್ ಹೊರ್ವಾತ್’. ಅಕಾರಾಂತವಲ್ಲದ ಮನೆತನದ ಹೆಸರು ಸ್ತ್ರೀಯರಿಗೆ ಬಂದಾಗ ಅದಕ್ಕೆ ವಿಭಕ್ತಿ ಪ್ರತ್ಯಯ ಹತ್ತುವುದಿಲ್ಲ. ಪ್ರಾಧ್ಯಾಪಕಿಯೂ ಹೊರ್ವಾತರೂ ಒಬ್ಬರೇ ಎಂಬುದರಲ್ಲಿ ಸಂದೇಹವಿಲ್ಲ. ಹೆಸರಿಗೆ ಮಾತ್ರ ಬಾಗುವ ಶಕ್ತಿಯಿಲ್ಲ. ಆಗ ಪಕ್ಕದ ಪದವು ವಿಭಕ್ತಿಯ ಭಾರವನ್ನು ತಾನೊಂದೇ ಹೊತ್ತು, ವಾಕ್ಯದಲ್ಲಿ ಆಕೆಯ ಪಾತ್ರವೇನೆಂಬುದನ್ನು ತಿಳಿಸುತ್ತದೆ.

ಒಂದು ಚೌಕದ ಹೆಸರು

ಇದುವರೆಗೆ ಹೇಳಿದುದನ್ನು ಒಂದು ಉದಾಹರಣೆಯಿಂದ ಪರೀಕ್ಷಿಸೋಣ. ಜಾಗ್ರೆಬ್ ನಗರದ ನಡುವಣ ಪ್ರಸಿದ್ಧ ಚೌಕದಲ್ಲಿ ಯೊಸಿಪ್ ಯೆಲಾಚಿಚ್ ಎಂಬ ಹತ್ತೊಂಬತ್ತನೆಯ ಶತಮಾನದ ರಾಜ್ಯಪಾಲನ ಕುದುರೆಯೇರಿದ ಪ್ರತಿಮೆಯಿದೆ. ಅದನ್ನು 1866ರಲ್ಲಿ ನಿಲ್ಲಿಸಿದರು, 1947ರಲ್ಲಿ ತೆಗೆದುಹಾಕಿದರು, 1990ರಲ್ಲಿ ಮತ್ತೆ ತಂದು ನಿಲ್ಲಿಸಿದರು. ರಾಜ್ಯಪಾಲನಿಗೆ ಅಲ್ಲಿಯ ಮಾತು ‘ಬಾನ್’, ಚೌಕಕ್ಕೆ ‘ತೃಗ್’. (ಇಲ್ಲಿಯ ರೇಫೆಯು ಸ್ವರದ ಕೆಲಸವನ್ನು ಮಾಡುತ್ತದೆ, ಆದುದರಿಂದಲೇ ಅದನ್ನು ನಮ್ಮ ಋಕಾರದಿಂದ ಬರೆದಿದೆ.) ಆ ಚೌಕದಲ್ಲಿ ಎನ್ನುವುದಕ್ಕೆ ಹೀಗೆನ್ನುತ್ತಾರೆ:

ನ ತೃಗು ಬಾನ ಯೊಸಿಪ ಯೆಲಾಚಿಚ

ನಾಮಪದಗಳು ನಾಲ್ಕು. ‘ತೃಗು’ ಎಂಬುದು ಸಪ್ತಮಿ; ಉಳಿದ ಮೂರೂ ಷಷ್ಠಿ. ಊರನ್ನಾಗಲಿ ಚರಿತ್ರೆಯನ್ನಾಗಲಿ ಅರಿಯದವನು ಕೂಡ ಪ್ರತ್ಯಯಗಳನ್ನು ನೋಡಿ ಇಷ್ಟನ್ನು ಊಹಿಸಬಲ್ಲನು: ಇಲ್ಲಿ ವಸ್ತುಗಳು ಎರಡು, ಒಂದು ಚೌಕ, ಇನ್ನೊಂದು ಒಬ್ಬ ವ್ಯಕ್ತಿ, ಕೊನೆಯ ಮೂರು ಪದಗಳೂ ಆ ಒಬ್ಬ ವ್ಯಕ್ತಿಯವು, ಚೌಕವು ಆತನ ಹೆಸರಿನದು. ಸಮಾನಾಧಿಕರಣವು ಷಷ್ಠಿಯ ಒಳಗೆ ಹೀಗೆ ಗೂಡುಕಟ್ಟಿಕೊಂಡಿದೆ.

ನಿಯಮದ ಮಿತಿ

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಪರಿಚಿತವಾಗಿದೆ. ಸಮೀಕರಣದ ಎರಡು ಪಕ್ಕಗಳಲ್ಲಿಯೂ ಆಯಾಮಗಳು ಒಂದೇ ಆಗಿರಬೇಕು. ಇಲ್ಲದಿದ್ದರೆ ಸಮೀಕರಣವು ತಪ್ಪೆಂದು ಆ ಕ್ಷಣವೇ ಹೇಳಬಹುದು. ಆದರೆ ಆಯಾಮಗಳು ಒಂದೇ ಆದ ಮಾತ್ರಕ್ಕೆ ರಾಶಿಗಳು ಒಂದೇ ಆಗಲಾರವು. ಬಲವು ಮಾಡುವ ಕೆಲಸಕ್ಕೂ ಬಲದ ಭ್ರಾಮಕಕ್ಕೂ ಆಯಾಮ ಒಂದೇ; ಆದರೂ ಅವೆರಡೂ ಬೇರೆ ಬೇರೆ ರಾಶಿಗಳು.

ವಿಭಕ್ತಿಯ ಪರೀಕ್ಷೆಯೂ ಇಂಥದೇ. ಬಾಗಬಲ್ಲ ಎರಡು ನಾಮಪದಗಳು ಬೇರೆ ಬೇರೆ ವಿಭಕ್ತಿಯಲ್ಲಿದ್ದರೆ ಅವು ಸಮಾನಾಧಿಕರಣವಲ್ಲವೆಂದು ನಿಶ್ಚಯಿಸಬಹುದು. ಒಂದೇ ವಿಭಕ್ತಿಯಲ್ಲಿದ್ದರೆ ಸಮಾನಾಧಿಕರಣವಾಗಿರಬಹುದು ಎಂದಷ್ಟೇ ಹೇಳಬಹುದು. ‘ಸೋದರನನ್ನು, ವೈದ್ಯನನ್ನು, ನೆರೆಯವನನ್ನು ನೋಡಿದೆ’ ಎಂದು ಪಟ್ಟಿ ಮಾಡಿದಾಗ ವಿಭಕ್ತಿ ಎಲ್ಲಕ್ಕೂ ದ್ವಿತೀಯೆಯೇ. ಮನುಷ್ಯರು ಮಾತ್ರ ಮೂವರು. ಅಂಥ ಕಡೆ ‘ಮತ್ತು’ ಎಂಬ ಅರ್ಥದ ‘ಇ’ ಎಂಬ ಅವ್ಯಯ, ಬರಹದಲ್ಲಿ ಅಲ್ಪವಿರಾಮ, ಮಾತಿನಲ್ಲಿ ಧ್ವನಿಯ ಏರಿಳಿತ ಇವು ನೆರವಿಗೆ ಬರಬೇಕು.

ಆಸಕ್ತಿಯುಳ್ಳ ವಾಚಕರು ಒಂದು ವಾಕ್ಯವನ್ನು ಸ್ವತಃ ಬಿಡಿಸಿ ನೋಡಬಹುದು: ‘ಉ ಜಾಗ್ರೆಬು, ಗ್ಲಾವ್ನೊಮ್ ಗ್ರಾದು ಹೃವಾತ್ಸ್ಕೆ’. ‘ಗ್ಲಾವ್ನಿ’ ಎಂದರೆ ಮುಖ್ಯವಾದ. ‘ಹೃವಾತ್ಸ್ಕ’ ಎಂಬುದು ಕ್ರೊಯೇಷಿಯಕ್ಕೆ ಅವರದೇ ಹೆಸರು. ಜಾಗ್ರೆಬು, ಗ್ಲಾವ್ನೊಮ್, ಗ್ರಾದು ಮೂರೂ ಸಪ್ತಮಿ, ಹೃವಾತ್ಸ್ಕೆ ಷಷ್ಠಿ. ಹಾಗಾದರೆ ಇಲ್ಲಿರುವ ವಸ್ತುಗಳೆಷ್ಟು, ಅವುಗಳ ಸಂಬಂಧವೇನು? ಉತ್ತರವನ್ನು ಹೇಳಲು ಭೂಪಟವನ್ನು ನೋಡಬೇಕಾದ ಅಗತ್ಯವಿಲ್ಲ. ಪದಗಳ ಕೊನೆಯ ಅಕ್ಷರಗಳನ್ನು ನೋಡಿದರೆ ಸಾಕು.